ಹಡಪದ ಎಂಬ ಹೆಸರು

ಸಕಲೇಶಪುರ, ಆಲೂರು ಕಡೆಯ ಮಲೆಗಳಲ್ಲಿ ಮನುಷ್ಯನಿಗೆ ಹೆಸರಿರುತ್ತದೆ, ಊರಿರುತ್ತದೆ, ತಂದೆಯಿರುತ್ತಾನೆ. ಅಡ್ಡಹೆಸರು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ತಾನು—ಇಷ್ಟರಲ್ಲಿ ಅವನ ಪ್ರವರ ಮುಗಿಯಿತು. ಹೆತ್ತೂರು, ಹಾನುಬಾಳು, ಐಗೂರು, ಬೆಳಗೋಡು, ಮಗ್ಗೆ, ಕುಂದೂರು—ಇವೆಲ್ಲ ಎಷ್ಟೋ ಜನರ ಹೆಸರಿನ ಮುಂದೆ ಒಂದಕ್ಷರ ಒಂದು ಚುಕ್ಕಿಯಾಗಿ ಕುಳಿತಿವೆ. ಬರೆಹಗಾರರಾಗಿ ಹೆಸರಾದರೆ ಆ ಅಕ್ಷರವೇ ಬೆಳೆದು, ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ಆದಂತೆ, ಊರೇ ಅವರ ಹೆಸರಾಗಿಬಿಡುವುದೂ ಉಂಟು. ಹೇಮಾವತಿಯ ಹಿನ್ನೀರಿನಲ್ಲಿ ಊರು ಮುಳುಗಿಹೋದ ಮೇಲೂ ಅದರ ಮೊದಲಕ್ಷರ ಮೊಮ್ಮಕ್ಕಳ ಅಂಕಪಟ್ಟಿಯಲ್ಲಿ ಒಣಗಿಕೊಂಡು ಕುಳಿತಿರುವುದನ್ನು ನಾನು ಕಂಡಿದ್ದೇನೆ. ನಮ್ಮ ಜಿಲ್ಲೆಯ ಹರದನಹಳ್ಳಿ ದೊಡ್ಡೇಗೌಡರ ಮಗ ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಇಂಗ್ಲಿಷು ಪತ್ರಿಕೆಗಳು ಅವರನ್ನು ‘ಮಿಸ್ಟರ್ ಗೌಡ’ ಎಂದು ಕರೆದುವು. ಹೆಸರನ್ನು ನಡುವೆ ಮುರಿದು ಬಾಲವನ್ನು ಮಾತ್ರ ಮಾತನಾಡಿಸಿದಂತೆ ನಮ್ಮ ಕಡೆಯವರಿಗೆ ಅದು ಕೇಳಿಸಿತು.

ಹದಿನೆಂಟು ವರ್ಷಗಳಿಂದ ಈ ಮಲೆಯ ಮಕ್ಕಳ ಹಾಜರಿ ಕೂಗುತ್ತಿರುವ ಕನ್ನಡದ ಮೇಷ್ಟರು ನಾನು. ಹಾಜರಿ ಪುಸ್ತಕವನ್ನು ಶಾಸನದಂತೆ ಓದುವುದು ನನಗೆ ಅಂಟಿದ ಚಾಳಿ. ‘ಗೌಡ’ ಪುಟಪುಟಕ್ಕೂ ಬರುತ್ತದೆ. ಪಾಸ್‌ಪೋರ್ಟಿನ ದೆಸೆಯಿಂದ ಅದೂ ಈಚೆಗೆ ಹೆಸರಿನಿಂದ ಬಿಡಿಸಿಕೊಂಡು ಒಂಟಿಯಾಗಿ ನಿಲ್ಲುವುದನ್ನು ಕಲಿಯುತ್ತಿದೆ. ಘಟ್ಟ ಹತ್ತಿ ಬಂದ ಶೆಟ್ಟಿ, ಪೂಜಾರಿ, ಡಿಸೋಜರು ಅಲ್ಲಲ್ಲಿ ಇದ್ದಾರೆ. ‘ಹಡಪದ’ ಎಂಬುದು ಮಾತ್ರ ಈ ಹದಿನೆಂಟು ವರ್ಷಗಳಲ್ಲಿ ಒಂದೇ ಒಂದು ಸಲ ಬಂದಿತು. ಹುಡುಗಿಯ ತಂದೆ ಬಾಗಿಲುಕೋಟೆಯ ಕಡೆಯವರು. ಸುಬ್ರಹ್ಮಣ್ಯದತ್ತ ಇಳಿಯುವ ಘಾಟಿಯ ರೈಲುಹಾದಿಯಲ್ಲಿ ಕೆಲಸ. ಮೊದಲ ದಿನ ಆ ಹೆಸರು ಕೂಗಿದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅರ್ಥ ಗೊತ್ತಿದ್ದು ನಕ್ಕವರಲ್ಲ, ಗೊತ್ತಿಲ್ಲದ್ದಕ್ಕೇ ನಕ್ಕವರು.

ಹಡಪ ಎಂದರೆ ಚೀಲ. ನಮ್ಮಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿ ಉಂಟಲ್ಲ, ಅದರ ಹಿರಿಯಕ್ಕ. ಕನ್ನಡದಲ್ಲಿ ‘ಅಡಪ’ ಎಂಬ ರೂಪವೂ ಉಂಟು. ತೆಲುಗಿನಲ್ಲಿಯೂ ತಮಿಳಿನಲ್ಲಿಯೂ ಅದರ ಒಡಹುಟ್ಟುಗಳು ಸಿಗುತ್ತವೆ. ಎಲೆಯಡಿಕೆಯ ಚೀಲಕ್ಕೆ ಹೇಗೋ ಹಾಗೆ ಕ್ಷೌರಿಕನ ಕತ್ತಿ ಕತ್ತರಿಗಳ ಚೀಲಕ್ಕೂ ಇದೇ ಹೆಸರು. ಈ ಎರಡು ಚೀಲಗಳ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅವುಗಳದೇ.

ಅರಸನ ಎಲೆಯಡಿಕೆ ಚೀಲ ಹಿಡಿಯುವುದು ಸಣ್ಣ ಊಳಿಗವಲ್ಲ. ಅರಸ ಬಾಯಿಗಿಡುವ ವಸ್ತು ಅವನ ಕೈಯಲ್ಲಿರುತ್ತದೆ. ಅಂದರೆ ಅರಸನ ಪ್ರಾಣವೇ ಅವನ ಕೈಯಲ್ಲಿ. ದಂಡಿಗೆ ಹೊರಟವನಿಗೆ ರಣವೀಳ್ಯ, ಬೀಳ್ಕೊಳ್ಳುವವನಿಗೆ ವೀಳ್ಯ, ಸಂಧಾನಕ್ಕೆ ವೀಳ್ಯ: ಎಲ್ಲವೂ ಆ ಚೀಲದಿಂದಲೇ ಬರಬೇಕು. ಎಲ್ಲರನ್ನೂ ಆಚೆಗೆ ಕಳುಹಿಸಿ ಅರಸ ಗುಟ್ಟು ಮಾತನಾಡುವಾಗಲೂ ಮಗ್ಗುಲಲ್ಲಿ ನಿಂತಿರುವವನು ಅವನೊಬ್ಬ. ಕಲ್ಯಾಣದಲ್ಲಿ ಬಸವಣ್ಣನವರ ಹತ್ತಿರ ಹಾಗೆ ಇದ್ದವನು ಹಡಪದ ಅಪ್ಪಣ್ಣ. ಅವನೂ ವಚನಕಾರ, ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು. ಅವಳನ್ನು ನಾವು ಇವತ್ತಿಗೂ ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತೇವೆ. ಕನ್ನಡ ಸಾಹಿತ್ಯಕ್ಕೆ ಈ ಚೀಲ ಕೊಟ್ಟಷ್ಟನ್ನು ಎಷ್ಟೋ ಸಿಂಹಾಸನಗಳು ಕೊಟ್ಟಿಲ್ಲವೆಂದು ನನಗೆ ಅನ್ನಿಸುತ್ತದೆ.

ಈ ಇಬ್ಬರ ನಡುವೆ ಇನ್ನೊಬ್ಬನಿದ್ದಾನೆ, ಅವನು ನಮ್ಮ ಸೀಮೆಯವನು. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ತಿರುವಿದರೆ ಸದಾಶಿವರಾಯನ ಕಾಲದ ಬರೆಹಗಳಲ್ಲಿ ಬೇಲೂರನ್ನು ಆಳುತ್ತಿದ್ದ ಕೃಷ್ಣಪ್ಪ ನಾಯಕನು ಸಿಗುತ್ತಾನೆ. ಯಾರ ಮಗ? ಹಡಪದ ಬೈಯಪ್ಪ ನಾಯಕನ ಮಗ. ವಿಜಯನಗರದ ಅರಮನೆಯಲ್ಲಿ ಹಡಪ ಹಿಡಿದವನ ಮಗನಿಗೆ ಬೇಲೂರು ಸೀಮೆ ದೊರೆಯಿತು, ಮತ್ತು ಆ ಊಳಿಗ ಬಿರುದಿನಂತೆ ಕಲ್ಲಿನ ಮೇಲೆ ನಿಂತಿತು. ಮುಚ್ಚಿಡುವ ಮಾತಾಗಿದ್ದರೆ ಕಲ್ಲಿನಲ್ಲಿ ಯಾರು ಕೊರೆಸುತ್ತಿದ್ದರು?

ಆ ವಂಶದ ಮುಂದಿನ ಕಥೆ ನಮ್ಮ ಮಲೆಗಳದು. ಬೇಲೂರು ಕೈತಪ್ಪಿದ ಮೇಲೆ ಬಲಂ ಸೀಮೆಯ ಆ ನಾಯಕರು ಐಗೂರನ್ನು ಹಿಡಿದುಕೊಂಡು ಉಳಿದರು. ಟಿಪ್ಪು ಸುಲ್ತಾನ 1792ರ ಹೊತ್ತಿಗೆ ಎಂಟು ಮೂಲೆಯ ನಕ್ಷತ್ರದಂಥ ಕೋಟೆಯನ್ನು ಗುಡ್ಡದ ಮೇಲೆ ಕಟ್ಟಿ ಮಂಜರಾಬಾದ್ ಎಂದು ಹೆಸರಿಟ್ಟ. ನೋಟ ಎಂಬ ಅರ್ಥದ ಫಾರಸಿ ‘ಮಂಜರ್’ ಅದರಲ್ಲಿದೆಯೆಂದು ಬಲ್ಲವರು ಹೇಳುತ್ತಾರೆ. ಮಳೆಗಾಲದಲ್ಲಿ ಅಲ್ಲಿಗೆ ಹತ್ತಿ ಏನೂ ಕಾಣದೆ ಇಳಿದು ಬಂದವರು ಕನ್ನಡದ ‘ಮಂಜು’ವೇ ಸರಿ ಎನ್ನುತ್ತಾರೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೂ ಐಗೂರಿನ ವೆಂಕಟಾದ್ರಿ ನಾಯಕ ಇಂಗ್ಲಿಷರಿಗೆ ಬಗ್ಗಲಿಲ್ಲ. ಆರ್ಥರ್ ವೆಲ್ಲೆಸ್ಲಿಯ ದಂಡು ಕಾಡನ್ನು ಕಡಿದುಕೊಂಡು ನುಗ್ಗಿತು. 1802ರ ಫೆಬ್ರುವರಿಯಲ್ಲಿ ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು. ಆದರೆ ‘ಹಡಪದ’ ಎಂಬ ಮಾತು ಅದಕ್ಕೆ ಬಹಳ ಹಿಂದೆಯೇ ಆ ಮನೆಯಿಂದ ಜಾರಿತ್ತು. ಕೊನೆಯವರು ಬರಿಯ ನಾಯಕರು.

ಹೆಸರುಗಳ ಏಳುಬೀಳು ಎಂದಾಗ ನನಗೆ ವಿಯೆಟ್ನಾಂ ನೆನಪಾಗುತ್ತದೆ. ಇದೇನು ಮೇಷ್ಟರು ಐಗೂರಿನಿಂದ ಅಲ್ಲಿಗೆ ಹಾರಿದರು ಎನ್ನಬೇಡಿ. ಸಕಲೇಶಪುರದ ಹೋಟೆಲಿನಲ್ಲಿ ಕುಳಿತರೆ ದಿನಕ್ಕೊಮ್ಮೆಯಾದರೂ ಆ ದೇಶದ ಮಾತು ಕಿವಿಗೆ ಬೀಳುತ್ತದೆ. ರೊಬಸ್ಟಾ ಕಾಫಿಯನ್ನು ಜಗತ್ತಿನಲ್ಲೇ ಹೆಚ್ಚಾಗಿ ಬೆಳೆಯುವವರು ಅವರು. ಅಲ್ಲಿ ಮಳೆ ತಪ್ಪಿದರೆ ಇಲ್ಲಿ ಬೆಲೆ ಏರುತ್ತದೆ. ಆ ದೇಶದಲ್ಲಿ ನೂರು ಜನರಲ್ಲಿ ಸುಮಾರು 38 ಜನರ ಮನೆತನದ ಹೆಸರು ಒಂದೇ, ಙುಯೆನ್. ನಮ್ಮ ವರ್ಣಮಾಲೆಯಲ್ಲಿ ಪದದ ಮೊದಲಿಗೆ ನಿಲ್ಲುವ ಕೆಲಸವೇ ಇಲ್ಲದ ಙಕಾರಕ್ಕೆ ಅಲ್ಲಿ ಅಷ್ಟು ದೊಡ್ಡ ಉದ್ಯೋಗ! ಇವರೆಲ್ಲ ಒಂದೇ ರಕ್ತದವರೆಂದಲ್ಲ. ಲಿ ವಂಶದ ಕೈಯಿಂದ ರಾಜ್ಯ ಕಿತ್ತುಕೊಂಡ ತ್ರಾನ್ ಮನೆತನದವರು 1232ರಲ್ಲಿ ಲಿ ಎಂಬ ಹೆಸರುಳ್ಳವರೆಲ್ಲ ಙುಯೆನ್ ಆಗಬೇಕೆಂದು ಅಪ್ಪಣೆ ಮಾಡಿದರು. ನಮ್ಮ ಹಿರಿಯರೊಬ್ಬರ ಹೆಸರಿನಲ್ಲಿ ‘ಲಿ’ ಬರುತ್ತದೆ, ಅದನ್ನು ಕಂಡಕಂಡವರು ಉಚ್ಚರಿಸಬಾರದು ಎಂಬುದು ಕೊಟ್ಟ ಕಾರಣ. ಕೊನೆಗೆ ಙುಯೆನ್ ಮನೆತನದವರೇ ಸಿಂಹಾಸನವೇರಿ 1945ರವರೆಗೆ ಇದ್ದರು. ಏರಿದ್ದು ಯಾವ ವರ್ಷ ಬಲ್ಲಿರಾ? 1802. ಇಲ್ಲಿ ಐಗೂರಿನ ನಾಯಕ ಹಗ್ಗಕ್ಕೆ ಬಿದ್ದ ವರ್ಷವೇ. ಕಾಕತಾಳೀಯವೇ ಸರಿ. ಒಂದು ಹೆಸರು ಹೆಚ್ಚಾಗುವುದಕ್ಕೂ ಅಪರೂಪವಾಗುವುದಕ್ಕೂ ಅದನ್ನು ಹೊತ್ತವರ ಮಕ್ಕಳ ಸಂಖ್ಯೆಯೊಂದೇ ಕಾರಣವಲ್ಲ, ಬರೆದುಕೊಳ್ಳುವವನ ಕೈಯೂ ಕಾರಣ ಎಂಬುದಕ್ಕೆ ಅದನ್ನು ಹೇಳಿದೆ.

ಉತ್ತರ ಕರ್ನಾಟಕದಲ್ಲಿ ‘ಹಡಪದ’ ಅಪರೂಪವಲ್ಲ. ಅಪ್ಪಣ್ಣನನ್ನು ಮೂಲಪುರುಷನೆಂದು ನೆನೆಯುವ ಒಂದು ಸಮುದಾಯವೇ ಅಲ್ಲಿದೆ. ಅವರ ಪಾರಂಪರಿಕ ಕಸುಬು ಕ್ಷೌರ. ಎಲೆಯಡಿಕೆಯ ಚೀಲವೂ ಕತ್ತಿಯ ಚೀಲವೂ ಒಂದೇ ಮಾತಿನೊಳಗೆ ಸೇರಿಕೊಂಡಿದ್ದು ಹೀಗೆ. ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ಎಷ್ಟೋ ಕಲಾವಿದರನ್ನು ತಯಾರು ಮಾಡಿದ ಆರ್. ಎಂ. ಹಡಪದ್ ಅವರ ಹೆಸರನ್ನು ಚಿತ್ರಕಲೆ ಬಲ್ಲವರೆಲ್ಲ ಕೇಳಿದ್ದಾರೆ. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರನ್ನು ಬರೆಯುವ ಪದ್ಧತಿ. ಹಾಗಾಗಿ ಕುಂಬಾರ, ಕಂಬಾರ, ಬಡಿಗೇರ, ಹೂಗಾರ ಎಲ್ಲರೂ ಕಸುಬನ್ನೇ ಹೆಸರಾಗಿ ಹೊತ್ತರು. ಕಸುಬು ಬಿಟ್ಟು ಮೂರು ತಲೆಯಾದರೂ ಹೆಸರು ಬಿಡಲಿಲ್ಲ. ಹಳೆಯ ಮೈಸೂರಿನಲ್ಲಿ ಊರಿನ ಅಕ್ಷರ ಹಾಕಿದ ನಮಗೆ ಆ ಹೊರೆಯಿಲ್ಲ. ನಮ್ಮ ಕಡೆ ಜಾತಿ ಕೇಳುವುದಿಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಯಾವೂರು, ಯಾರ ಮನೆ, ಯಾವ ಪೈಕಿ ಎಂಬ ಮೂರು ಮೆಟ್ಟಿಲು ಹತ್ತಬೇಕು, ಅಷ್ಟು ಹೊತ್ತಿಗೆ ಕಾಫಿ ಕುಡಿದಾಗಿರುತ್ತದೆ. ಅಡ್ಡಹೆಸರಿದ್ದವರ ವಿಷಯದಲ್ಲಿ ಮೆಟ್ಟಿಲೂ ಬೇಡ, ಕಾಫಿಯೂ ಬೇಡ.

ನಮ್ಮ ಹುಡುಗಿಗೆ ಆದದ್ದು ಅದೇ. ಎರಡನೆಯ ವರ್ಷದಲ್ಲಿ ತಂದೆಗೆ ಹುಬ್ಬಳ್ಳಿಯ ಕಡೆಗೆ ವರ್ಗವಾಯಿತು. ಗೆಳತಿಯೊಬ್ಬಳ ಜೊತೆ ಒಂದು ಕೋಣೆ ನೋಡಿದಳು. ಮನೆಯವರು ಒಪ್ಪಿ ಮುಂಗಡವನ್ನೂ ತೆಗೆದುಕೊಂಡರು. ಮಾರನೆಯ ದಿನ ಆಧಾರ್ ಪ್ರತಿ ಕೊಟ್ಟಳು. ಸಂಜೆಗೆ ಮುಂಗಡ ವಾಪಸು ಬಂದಿತು, ಊರಿನಿಂದ ನೆಂಟರು ಬರುತ್ತಾರೆಂಬ ಮಾತಿನೊಡನೆ. ನೆಂಟರು ಬಂದದ್ದನ್ನು ಯಾರೂ ಕಾಣಲಿಲ್ಲ.

ಹೆಸರು ಬದಲಾಯಿಸಲು ಏನು ಮಾಡಬೇಕು ಎಂದು ಅವಳು ನನ್ನ ಹತ್ತಿರ ಬಂದಳು. ಪ್ರಮಾಣಪತ್ರ, ಪತ್ರಿಕೆಯಲ್ಲಿ ಪ್ರಕಟಣೆ, ಹತ್ತನೆಯ ತರಗತಿಯ ಅಂಕಪಟ್ಟಿಯ ತಿದ್ದುಪಡಿ ಎಂದು ದಾರಿ ಹೇಳಿದೆ. ಹೇಳಿ ಸುಮ್ಮನಿರಲಾರದೆ ರೈಸ್ ಅವರ ಸಂಪುಟವನ್ನು ತೆಗೆದು ಬೈಯಪ್ಪ ನಾಯಕನನ್ನು ತೋರಿಸಿದೆ. ಅವಳು ಬೆರಳಿಟ್ಟು ಎರಡು ಸಲ ಓದಿದಳು.

“ಇವರು ಅರಸರಾದಮ್ಯಾಗ ಹಡಪದ ಅನ್ನೋದು ಎಲ್ಲಿ ಹೋತ್ರಿ ಸರ?”

“ಬಿಟ್ಟುಹೋಯಿತಮ್ಮ. ನಾಯಕ ಎಂಬುದೇ ಸಾಕಾಯಿತು.”

“ಮತ್ತ ನಾ ಬಿಟ್ರ?”

ನನ್ನಲ್ಲಿ ಉತ್ತರವಿರಲಿಲ್ಲ. ಅವಳೇ ಪುಸ್ತಕ ಮುಚ್ಚಿ ಕೊಡುತ್ತ, “ಈ ಶಾಸನಾ ತೋರಿಸಿದ್ರ ಬಾಡಗಿ ಮನಿ ಕೊಡ್ತಾರೇನ್ರಿ?” ಎಂದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಮುಂದಿನ ವಾರ ತಂದೆ ಬಂದರು. ಬಿಸಿಲಲ್ಲಿ ಕಾದ ಮೈ, ಮೆಲುಮಾತು. “ನಮ್ಮ ಮುತ್ತ್ಯಾಗ ಇದು ಹೆಸರಾಗಿದ್ದಿಲ್ರಿ, ಕೆಲಸ ಆಗಿತ್ತು,” ಎಂದರು. “ನಮ್ಮಪ್ಪನ್ನ ಸಾಲಿಗೆ ಹಾಕಾಕ ಹೋದಾಗ ಮಾಸ್ತರು ಅಡ್ಡಹೆಸರೇನು ಅಂತ ಕೇಳಿದ್ರಂತ. ಮುತ್ತ್ಯಾ ಸುಮ್ಮ ನಿಂತ. ಮಾಸ್ತರ ಅಂವನ ಕೈಯಾಗಿನ ಚೀಲಾ ನೋಡಿ ತಾವ ಬರಕೊಂಡ್ರು.” ತ್ರಾನ್ ಮನೆತನದ ಅಪ್ಪಣೆಯೂ ಬೇಕಾಗಲಿಲ್ಲ ನೋಡಿ, ಒಬ್ಬ ಮಾಸ್ತರು, ಒಂದು ದಪ್ತರು, ಮಸಿ ಸಾಕಾಯಿತು. ಮಗಳು ಹೆಸರು ಬಿಡುವ ವಿಷಯ ಎತ್ತಿದೆ. ಅವರು ಸ್ವಲ್ಪ ಹೊತ್ತು ನೆಲ ನೋಡಿದರು. “ಅಪ್ಪಣ್ಣನ ಹೆಸರ್ರಿ ಅದು. ಬಿಡ್ತೀನಿ ಅಂದ್ರ ಬಿಡವಲ್ಳಾಕ. ಕಾಗದದ ಖರ್ಚು ಮಾತ್ರ ನಾ ಕೊಡಂಗಿಲ್ಲ.”

ಅವಳು ಕಾಗದದ ಗೋಜಿಗೆ ಹೋಗಲಿಲ್ಲ. ಬೇರೊಂದು ಬೀದಿಯಲ್ಲಿ, ಗಂಡ ತೀರಿಕೊಂಡು ಒಬ್ಬರೇ ಇದ್ದ ಒಬ್ಬ ಅಮ್ಮನ ಮನೆಯ ಹಿಂದಿನ ಕೋಣೆ ಸಿಕ್ಕಿತು. ಆ ಅಮ್ಮ ಹೆಸರನ್ನು ಕೇಳಲೇ ಇಲ್ಲವಂತೆ. ರಾತ್ರಿ ಎಷ್ಟು ಗಂಟೆಗೆ ದೀಪ ಆರಿಸುತ್ತೀ ಎಂದಷ್ಟೇ ಕೇಳಿದರಂತೆ.

ಆ ವರ್ಷ ನಮ್ಮ ಗೋಡೆಪತ್ರಿಕೆಗೆ ಅವಳು ಸಂಚಿಯ ಹೊನ್ನಮ್ಮನ ಮೇಲೆ ಒಂದು ಲೇಖನ ಬರೆದಳು. ಪರವಾಗಿಲ್ಲ, ಚೆನ್ನಾಗಿಯೇ ಇತ್ತು. ಎರಡು ಕಡೆ ಒತ್ತಕ್ಷರ ತಿದ್ದಿದೆ. ಕೆಳಗೆ ನಮ್ಮ ಕಡೆಯ ಮಕ್ಕಳಂತೆಯೇ ‘ಎಚ್.’ ಎಂದು ಹಾಕಿ, ಚುಕ್ಕಿಯಿಟ್ಟು, ಆಮೇಲೆ ತನ್ನ ಹೆಸರು ಬರೆದಿದ್ದಳು. ಹಾಜರಿ ಪುಸ್ತಕದಲ್ಲಿ ಪೂರ್ತಿ ಹೆಸರು ಹಾಗೆಯೇ ಇತ್ತು. ನಾನೂ ಪೂರ್ತಿಯಾಗಿಯೇ ಕೂಗುತ್ತಿದ್ದೆ, ಅವಳೂ ಓಗೊಡುತ್ತಿದ್ದಳು. ಗೋಡೆಯ ಮುಂದೆ ನಿಂತು ಓದುತ್ತಿದ್ದ ಮೊದಲ ವರ್ಷದ ಹುಡುಗಿಯೊಬ್ಬಳು ಕೇಳಿದಳು:

“ಎಚ್ ಅಂದ್ರೆ ಹೆತ್ತೂರಾ ಅಕ್ಕಾ, ಹಾನುಬಾಳಾ?”

“ಎರಡೂ ಅಲ್ಲವಾ,” ಎಂದಳು ಇವಳು. “ಬೇಲೂರ ಕಡೀದು.”