ನೆಲ ಮಾತ್ರ ಉಳಿದ ಊರಿಗೆ

ಬ್ಯಾಗಿನ ತಳದಲ್ಲಿ, ಎರಡು ಪ್ಲಾಸ್ಟಿಕ್ ಕವರಿನೊಳಗೆ ಸುತ್ತಿ, ಒಂದು ಜೊತೆ ಕಾಲುಚೀಲ ಇಟ್ಟಿರುತ್ತೇನೆ. ಹಗಲಿನಲ್ಲಿ ಅದನ್ನು ಮುಟ್ಟುವಂತಿಲ್ಲ. ಸಂಜೆ ಹೊಳೆಯಲ್ಲಿ ಮಿಂದು, ಕಾಲುಬೆರಳ ಸಂದಿಗಳನ್ನೆಲ್ಲ ಒರೆಸಿ, ಆ ಒಣ ಕಾಲುಚೀಲಕ್ಕೆ ಪಾದ ತೂರಿಸುವ ಸುಖ ಇದೆಯಲ್ಲ, ಅದೊಂದಕ್ಕಾಗಿಯೇ ದಿನವಿಡೀ ನಡೆಯಬಹುದು. ಬೆಳಿಗ್ಗೆ ಮತ್ತೆ ಅದನ್ನು ಬಿಚ್ಚಿ ಕಟ್ಟಿಟ್ಟು, ನಿನ್ನೆಯ ಒದ್ದೆ ಜೊತೆಯನ್ನೇ ಹಿಂಡಿ ಹಾಕಿಕೊಳ್ಳಬೇಕು. ಆ ಮೊದಲ ಐದು ನಿಮಿಷದ ತಣ್ಣನೆ ಕಿರಿಕಿರಿ ಕಳೆದರೆ ಕಾಲು ತಾನಾಗಿ ಬಿಸಿಯೇರುತ್ತದೆ.

ಒಂದು ದಿನದ ಚಾರಣ ನನಗೆ ಸಾಲುವುದಿಲ್ಲ. ಮೊದಲ ದಿನ ಕಾಲಲ್ಲಿ ಊರಿನ ಅವಸರವೇ ಇರುತ್ತದೆ. ಇನ್ನೆಷ್ಟು ದೂರ, ಎಷ್ಟು ಹೊತ್ತಿಗೆ ಊಟ ಅಂತಲೇ ಮನಸ್ಸು ಲೆಕ್ಕ ಹಾಕುತ್ತಿರುತ್ತದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಉಸಿರು ಮತ್ತು ಹೆಜ್ಜೆ ಒಂದು ಹದಕ್ಕೆ ಬರುತ್ತವೆ. ಯಾವ ಕಲ್ಲು ಜಾರುತ್ತದೆ, ಯಾವ ಬೇರು ಭಾರ ತಡೆಯುತ್ತದೆ ಎನ್ನುವುದು ಕಣ್ಣಿಗಿಂತ ಮೊದಲು ಪಾದಕ್ಕೆ ಗೊತ್ತಾಗತೊಡಗುತ್ತದೆ. ಹಾಗೆ ಗೊತ್ತಾದ ಮೇಲೆ ನೋಡಬೇಕಾದ ಒಂದು ಊರು ಕೊಲಂಬಿಯಾದಲ್ಲಿದೆ.

ಆ ದೇಶದ ಉತ್ತರದಲ್ಲಿ, ಕೆರೀಬಿಯನ್ ಕಡಲ ದಂಡೆಯಿಂದಲೇ ಎದ್ದಂತೆ, ಸಿಯೆರಾ ನೆವಾಡಾ ದೆ ಸಾಂತಾ ಮಾರ್ತಾ ಎಂಬ ಪರ್ವತ ನಿಂತಿದೆ. ಕಡಲಿನಿಂದ ಸುಮಾರು 42 ಕಿ.ಮೀ. ಒಳಗೆ ಬಂದರೆ 5,700 ಮೀಟರ್ ಎತ್ತರದ ಹಿಮಶಿಖರ. ಅದರ ಉತ್ತರದ ಇಳಿಜಾರಿನಲ್ಲಿ, ಬುರಿತಾಕಾ ಹೊಳೆಯ ಮೇಲುಭಾಗದ ದಟ್ಟ ಕಾಡಿನೊಳಗೆ ಆ ಊರು. ಹೊರಗಿನವರು ಅದನ್ನು ಸಿಯುದಾದ್ ಪೆರ್ದಿದಾ, ಅಂದರೆ ಕಳೆದುಹೋದ ನಗರ ಎನ್ನುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ತೇಯುನಾ. ಅಲ್ಲಿಗೆ ರಸ್ತೆಯಿಲ್ಲ. ಜೀಪು ಬಿಟ್ಟ ಹಳ್ಳಿಯಿಂದ ಹೋಗಿ ಬರಲು ನಲವತ್ತೈದು ಕಿ.ಮೀ. ಆಸುಪಾಸು, ನಾಲ್ಕು ದಿನದ ನಡಿಗೆ. ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ನಮ್ಮ ಜೊತೆ ಬಂದವರು ಅದೇ ಬೆಟ್ಟದ ವೀವಾ ಸಮುದಾಯದವರು, ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ.

ಮೊದಲ ದಿನದ ಏರು ಬೋಳುಗುಡ್ಡದ ಮೇಲೆ, ಸುಡುಬಿಸಿಲಲ್ಲಿ. ಹಳದಿ ಮಣ್ಣು. ಮಧ್ಯಾಹ್ನದ ಮೇಲೆ ಮಳೆ ಹಿಡಿಯಿತು ನೋಡಿ, ಅದೇ ಮಣ್ಣು ಬೆಣ್ಣೆಯ ಹಾಗಾಯಿತು. ಅಡುಗೆ ಸಾಮಾನು ಹೊತ್ತ ಹೇಸರಗತ್ತೆಗಳ ಗೊರಸು ಊರಿದಲ್ಲೆಲ್ಲ ಕೆಸರಿನ ಗುಂಡಿ. ಉಂಬಳದ ಕಾಟ ಇರಲಿಲ್ಲ. ಮಲೆನಾಡಿನ ಕಾಡು ತಿರುಗಿದವರಿಗೆ ಅದೊಂದು ದೊಡ್ಡ ನೆಮ್ಮದಿಯೇ. ಆ ಪಾಲನ್ನು ಸೊಳ್ಳೆಗಳು ವಹಿಸಿಕೊಂಡಿದ್ದವು. ತಗಡಿನ ಮಾಡಿನ ಶಿಬಿರ ಮುಟ್ಟಿದಾಗ ಬಿಸಿಬಿಸಿಯಾಗಿ ಒಂದು ಲೋಟ ಕೈಗೆ ಬಂತು. ಬೆಲ್ಲದ ನೀರು! ಕಬ್ಬಿನ ಹಾಲು ಕಾಯಿಸಿ ಅಚ್ಚು ಹಾಕಿದ ಬೆಲ್ಲವನ್ನು ಅವರು ಪನೇಲಾ ಎನ್ನುತ್ತಾರೆ; ನೀರಿಗೆ ಕರಗಿಸಿ, ಲಿಂಬೆ ಹಿಂಡಿ ಕೊಡುತ್ತಾರೆ. ಮನೆಗೆ ಬಂದವರಿಗೆ ಮೊದಲು ನೀರು-ಬೆಲ್ಲ ಕೊಟ್ಟು, ಆಮೇಲೆ ಮಾತಾಡಿಸುವ ಸೀಮೆಯವಳು ನಾನು. ಎರಡನೆಯ ಲೋಟ ಕೇಳಿ ಕುಡಿದೆ.

ಎರಡನೆಯ ದಿನ ಕಾಡು ನಿಜವಾಗಿ ಶುರುವಾಯಿತು. ದಾರಿ ಕೋಗಿಗಳ ಹಳ್ಳಿಯೊಂದರ ಪಕ್ಕದಲ್ಲೇ ಹಾಯುತ್ತದೆ. ಉರುಟು ಮನೆಗಳು, ಹುಲ್ಲಿನ ಮಾಡು, ಬಿಳಿ ಹತ್ತಿಬಟ್ಟೆ ಉಟ್ಟ ಹೆಂಗಸರು ನಡೆಯುತ್ತ ನಡೆಯುತ್ತಲೇ ಚೀಲ ಹೆಣೆಯುತ್ತಾರೆ. ಕೋಗಿ, ವೀವಾ, ಅರುವಾಕೋ, ಕಂಕುವಾಮೋ ಎಂಬ ನಾಲ್ಕು ಸಮುದಾಯಗಳು ಈ ಪರ್ವತದ ಒಕ್ಕಲು. ತೇಯುನಾ ಕಟ್ಟಿದ ತೈರೋನಾ ಜನ ತಮ್ಮ ಹಿರೀಕರು ಎಂದು ನಂಬಿ ನಡೆಯುವವರು. ತಾವು ಅಣ್ಣಂದಿರು, ಹೊರಗಿನ ನಾವೆಲ್ಲ ತಮ್ಮಂದಿರು, ತಮ್ಮಂದಿರಿಗೆ ಭೂಮಿಯನ್ನು ನೋಡಿಕೊಳ್ಳಲು ಇನ್ನೂ ಬರುವುದಿಲ್ಲ ಎಂಬುದು ಅವರ ಎಣಿಕೆ. ಅದರಲ್ಲಿ ಅಹಂಕಾರ ನನಗೆ ಕಾಣಲಿಲ್ಲ; ಮನೆಯ ಹಿರಿಯರಿಗಿರುವ ಕಾಳಜಿಯೇ ಕಂಡಿತು.

ಅಲ್ಲೊಂದು ಕಡೆ ದಣಿವಾರಿಸಿಕೊಳ್ಳಲು ಕೂತಿದ್ದಾಗ ಇಬ್ಬರು ಗಂಡಸರು ದಾರಿಯಲ್ಲಿ ಎದುರಾದರು. ಕೈ ಕುಲುಕಲಿಲ್ಲ, ನಮಸ್ಕಾರವೂ ಇಲ್ಲ. ಇವನು ತನ್ನ ಚೀಲದಿಂದ ಒಂದು ಹಿಡಿ ಎಲೆ ತೆಗೆದು ಅವನ ಚೀಲಕ್ಕೆ ಹಾಕಿದ, ಅವನು ತನ್ನದರಿಂದ ಒಂದು ಹಿಡಿ ಇವನ ಚೀಲಕ್ಕೆ. ಹುರಿದ ಕೋಕಾ ಎಲೆ. ಆಮೇಲೆ ಇಬ್ಬರೂ ಒಂದೊಂದು ಸಣ್ಣ ಸೋರೆಬುರುಡೆ ತೆಗೆದರು. ಅದಕ್ಕೆ ಪೊಪೊರೋ ಅನ್ನುತ್ತಾರೆ. ಒಳಗೆ ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಕಡ್ಡಿ ಅದ್ದಿ, ಆ ಸುಣ್ಣವನ್ನು ಬಾಯಲ್ಲಿರುವ ಎಲೆಗೆ ಸೇರಿಸಿ, ಕಡ್ಡಿಗೆ ಉಳಿದ ತೇವವನ್ನು ಬುರುಡೆಯ ಕತ್ತಿಗೆ ತಿಕ್ಕುತ್ತಾರೆ. ತಿಕ್ಕಿ ತಿಕ್ಕಿ ಅಲ್ಲೊಂದು ಹಳದಿ ಪದರ ಬೆಳೆಯುತ್ತ ಹೋಗುತ್ತದೆ. ಹುಡುಗ ಗಂಡಸಾದಾಗ ಇದು ಅವನ ಕೈಗೆ ಬರುತ್ತದೆ. ತನ್ನ ಯೋಚನೆಗಳನ್ನೇ ಅವನು ಅದರ ಮೇಲೆ ಬರೆಯುತ್ತಿರುವುದು ಎನ್ನುತ್ತಾರೆ. ನನಗೆ ಅಜ್ಜನ ಕವಳದ ಬಟ್ಟಲು ಕಣ್ಣಮುಂದೆ ಬಂತು. ಅವರ ಡಬ್ಬಿಯಲ್ಲೂ ಚಿಪ್ಪಿನ ಸುಣ್ಣವೇ. ಜಗಲಿಗೆ ಬಂದವರ ಮುಂದೆ ಬಟ್ಟಲು ಸರಿಸಿದ ಮೇಲೆಯೇ ಅವರ ಮಾತು ಶುರುವಾಗುತ್ತಿದ್ದದ್ದು.

ಮೂರನೆಯ ದಿನ ಬೆಳಗಿನ ಜಾವ ಹೊರಟೆವು. ಸೊಂಟದ ಹತ್ತಿರ ನೀರು ಬರುವ ಕಡೆ ಹಗ್ಗ ಹಿಡಿದು ಬುರಿತಾಕಾ ದಾಟಿದರೆ, ಆಚೆ ದಡದಲ್ಲಿ ಗಿಡಗಂಟಿಗಳ ಸಂದಿಯಿಂದ ಮೆಟ್ಟಿಲು ಏಳುತ್ತದೆ. ಒಟ್ಟು 1,200ರಷ್ಟು. ಕಿರಿದು, ಹಾವಸೆ ಕಟ್ಟಿದವು, ಒಂದೊಂದೂ ಒಂದೊಂದು ಎತ್ತರ. ಪಾದ ನೇರ ಇಟ್ಟರೆ ಹಿಮ್ಮಡಿ ಹೊರಗೆ ಉಳಿಯುತ್ತದೆ. ಅಡ್ಡಡ್ಡ ಇಟ್ಟು ಹತ್ತಬೇಕು. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಬರಿಗಾಲಲ್ಲಿ ಮೇಲಿನಿಂದ ಇಳಿದು ಬಂದವನು, ನಾನು ಬದಿಗೆ ಸರಿಯುವುದರೊಳಗೆ ದಾಟಿ ಹೋಗಿದ್ದ. ಅವನ ಹೆಜ್ಜೆಯ ಸದ್ದೇ ಕೇಳಲಿಲ್ಲ.

1972ರಲ್ಲಿ ನಿಧಿಗಳ್ಳರು ಹತ್ತಿದ್ದೂ ಇದೇ ಮೆಟ್ಟಿಲು. ಹಳೆಯ ಗೋರಿ ಬಗೆದು ಚಿನ್ನ ಮಾರುವುದು ಅಲ್ಲಿ ಒಂದು ಕಸುಬೇ ಆಗಿತ್ತು. ಇಲ್ಲಿಯ ಚಿನ್ನ ಕಳ್ಳಪೇಟೆಗೆ ಬರತೊಡಗಿದ ಮೇಲೆ ಸುದ್ದಿ ಹೊರಬಿದ್ದು, 1976ರಲ್ಲಿ ಪುರಾತತ್ವದವರು ಬಂದರು. ತೈರೋನಾ ಜನ ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಹಾಗಾಗಿ ಕಳ್ಳರು ಕಿತ್ತದ್ದು ಮನೆಗಳ ನೆಲವನ್ನು. ಪುರಾತತ್ವದವರು ವರ್ಷಗಟ್ಟಲೆ ಕೂತು ಮತ್ತೆ ಜೋಡಿಸಿದ್ದೂ ಬಹುಪಾಲು ಆ ನೆಲವನ್ನೇ.

ಮೇಲೆ ಹತ್ತಿ ನಿಂತಾಗ ಮೊದಲಿಗೆ ಕಣ್ಣಿಗೆ ಏನೂ ದಕ್ಕುವುದಿಲ್ಲ. ನಾವು ಹಂಪಿ ಕಂಡವರು. ಹಾಳೂರು ಎಂದರೆ ಕಂಬ, ಗೋಪುರ, ಮುರಿದ ಮೂರ್ತಿ ಹುಡುಕುವ ಕಣ್ಣು ನಮ್ಮದು. ತೇಯುನಾದಲ್ಲಿ ಗೋಡೆಗಳಿಲ್ಲ. ಮರ, ಹುಲ್ಲಿನಿಂದ ಎಬ್ಬಿಸಿದ್ದ ಮನೆಗಳು ಎಂದೋ ಮಣ್ಣಾಗಿವೆ. ಉಳಿದಿರುವುದು ನೆಲ. ಬೆಟ್ಟದ ಏಣಿನ ಉದ್ದಕ್ಕೂ, ಒಂದರ ಮೇಲೊಂದು ಎದ್ದ ಉರುಟು ಕಟ್ಟೆಗಳು, 169 ಎಂದು ಎಣಿಸಿದ್ದಾರೆ. ನಮ್ಮ ಅಶ್ವತ್ಥಕಟ್ಟೆಯನ್ನು ಹತ್ತು ಪಾಲು ಹಿಗ್ಗಿಸಿ ಮರ ತೆಗೆದಂತೆ. ಮೇಲೆಲ್ಲ ಹಸಿರು ಹುಲ್ಲು, ಮಧ್ಯೆ ಮನೆ ನಿಂತಿದ್ದ ಕಡೆ ಬಳೆಯ ಹಾಗೆ ಹೂತ ಕಲ್ಲುಸಾಲು. ಒಂದು ಕಟ್ಟೆಯ ಅಂಚಿನಲ್ಲಿ ಅರೆಯುವ ಕಲ್ಲೊಂದಿತ್ತು. ಅರೆದು ಅರೆದು ಗುಳಿಬಿದ್ದ ಅದರ ನಡುವೆ ರಾತ್ರಿಯ ಮಳೆನೀರು ನಿಂತು, ಒಂದು ಎಲೆ ತೇಲುತ್ತಿತ್ತು. ಮೆಕ್ಕೆಜೋಳ ಅರೆದ ಎಷ್ಟು ತಲೆಮಾರಿನ ಹೆಂಗಸರ ಮುಂಗೈ ಆ ಗುಳಿಯಲ್ಲಿದೆಯೋ ಎಂದು ಮೊಣಕಾಲೂರಿ ಕೂತು ಸವರಿದೆ. ಅಂಗೈ ಸರಿಯಾಗಿ ಕೂರುತ್ತದೆ.

ಸುಮಾರು ಎಂಟನೆಯ ಶತಮಾನದಷ್ಟು ಹಿಂದೆ ಇಲ್ಲಿ ಊರು ಕಟ್ಟತೊಡಗಿದರಂತೆ; ನಮ್ಮಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲ. 1525ರಲ್ಲಿ ಸ್ಪೇನಿನವರು ಕೆಳಗೆ ಕಡಲತಡಿಯಲ್ಲಿ ಸಾಂತಾ ಮಾರ್ತಾ ಪಟ್ಟಣ ಕಟ್ಟಿದರು. ಆಮೇಲಿನದು ಯುದ್ಧ, ರೋಗ, ಓಡಾಟ. ಅದೇ ಶತಮಾನ ಮುಗಿಯುವ ಹೊತ್ತಿಗೆ ಕಟ್ಟೆಗಳ ಮೇಲೆ ಕಾಡು ಬೆಳೆಯತೊಡಗಿತ್ತು. ಕಾಡು ಮುಚ್ಚಿದರೂ ಬೆಟ್ಟದವರಿಗೆ ಊರಿನ ದಾರಿ ಗೊತ್ತೇ ಇತ್ತು. “ಇದು ಯಾವತ್ತೂ ಕಳೆದುಹೋಗಿರಲಿಲ್ಲ,” ಎಂದರು ನಮ್ಮ ಗೈಡ್. ಈಗಲೂ ಪ್ರತಿ ಸೆಪ್ಟೆಂಬರ್‌ನಲ್ಲಿ ಹೊರಗಿನವರಿಗೆ ದಾರಿ ಮುಚ್ಚುತ್ತಾರೆ. ಆ ತಿಂಗಳು ಊರು ಅವರದ್ದು, ಅವರ ಪೂಜೆಯದ್ದು. ಹಾಗೆ ಮುಚ್ಚುವುದು ಸರಿ ಎಂದೇ ನನಗೆ ಅನಿಸುತ್ತದೆ.

ಗುಂಪಿನವರೆಲ್ಲ ಗೆರೆ ಕೊರೆದ ದೊಡ್ಡ ಬಂಡೆಯ ಮುಂದೆ ನಿಂತಿದ್ದರು. ಅದು ಹೊಳೆಗಳ, ದಾರಿಗಳ ನಕ್ಷೆ ಇರಬಹುದು ಎನ್ನುತ್ತಾರೆ. ಅಷ್ಟರಲ್ಲಿ ಮಳೆ ಬಂತು. ಎಲ್ಲರೂ ಹುಲ್ಲಿನ ಮಾಡಿನ ಕೆಳಗೆ ಓಡಿದರು. ನಾನು ಕೊಪ್ಪೆಯಂತೆ ರೇನ್‌ಕೋಟು ಹೊದ್ದು ದೊಡ್ಡ ಕಟ್ಟೆಯ ಅಂಚಿನಲ್ಲೇ ನಿಂತೆ, ಇಲ್ಲಿಯ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕಿತ್ತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದವರಿಗೆ ಮಳೆಗಾಲದಲ್ಲಿ ಈ ಯೋಚನೆ ತಾನಾಗಿ ಬರುತ್ತದೆ. ನೀರು ನಿಂತರೆ ಬೇರು ಕೊಳೆಯಿತು, ಓಡಿದರೆ ಧರೆ ಕುಸಿಯಿತು. ಜೂನ್ ಬರುವ ಮೊದಲೇ ಬಸಿಗಾಲುವೆ ಬಿಡಿಸದಿದ್ದರೆ ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ.

ಹನಿ ದಪ್ಪವಾಯಿತು. ಕಟ್ಟೆಯ ಮೇಲೆ ಬಿದ್ದ ನೀರು ಒಂದು ಕಡೆಯೂ ಮಡುಗಟ್ಟಲಿಲ್ಲ. ಕಣ್ಣಿಗೆ ಕಾಣದಷ್ಟು ನವಿರಾದ ಓಟದಲ್ಲಿ ಅಂಚಿಗೆ ಸರಿದು, ಚಪ್ಪಡಿ ಹಾಸಿದ ಕಾಲುವೆಗೆ ಇಳಿದು, ಮೆಟ್ಟಿಲ ಬದಿಯಿಂದ ಕೆಳಗಿನ ಕಟ್ಟೆಯ ಹೊರಸುತ್ತಿಗೆ ಹೋಯಿತು. ಗಾರೆಯಿಲ್ಲದೆ ಒಣಗಲ್ಲು ಪೇರಿಸಿದ ಪಾಗಾರದ ಸಂದಿಗಳಿಂದ ಮಣ್ಣಿನೊಳಗಿನ ನೀರೂ ಹನಿಹನಿಯಾಗಿ ಹೊರಬರುತ್ತಿತ್ತು, ಆದರೆ ಮಣ್ಣು ಬರುತ್ತಿರಲಿಲ್ಲ. ಹತ್ತಾರು ಕಟ್ಟೆಗಳನ್ನು ಹೀಗೆ ಬಳಸಿ ಇಳಿಯುವ ನೀರು ಎಲ್ಲಿಯೂ ಕೆಂಪಾಗಲಿಲ್ಲ. ಮೂರು ದಿನ ನಾವು ತುಳಿದ ದಾರಿಯಲ್ಲಿ ಮಳೆ ಬಿದ್ದ ಗಳಿಗೆಯಲ್ಲೇ ಕೆಸರು. ಇಲ್ಲಿ ನಾನೂರು ವರ್ಷ ಯಾರೂ ಇರದ ಊರಿನಲ್ಲಿ ಅಂಗಳ ಗಟ್ಟಿ. ಜಾರಿ, ಹೂತು, ಊರುಗೋಲು ಊರಿ ಬಂದ ನನ್ನ ಕಾಲಿಗೆ ಆ ಗಟ್ಟಿತನ ಎಂಥದೆಂದು ತಿಳಿಯಿತು. ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದರೆ ಅದು ಬರೀ ಹುಲ್ಲುಹಾಸು.

ಒಂದು ಕಡೆ ಮಾತ್ರ ನೀರು ಮೇಲೇಳುತ್ತಿತ್ತು. ಕಾಲುವೆಯ ಬಾಯಿಗೆ ತರಗೆಲೆ ಕಟ್ಟಿಕೊಂಡಿತ್ತು. ಗೈಡ್ ಯಾವಾಗ ನನ್ನ ಪಕ್ಕಕ್ಕೆ ಬಂದಿದ್ದರೋ ಗೊತ್ತಿಲ್ಲ. ಅವರ ಬಿಳಿ ಬಟ್ಟೆ ಪೂರ್ತಿ ನೆನೆದು ಮೈಗೆ ಅಂಟಿತ್ತು. ಬಾಗಿ ಕೂತು, ಎರಡೂ ಕೈಯಲ್ಲಿ ಎಲೆಗಳನ್ನು ಬಾಚಿ ತೆಗೆದು, ಕಟ್ಟೆಯ ಹೊರಗೆ ಗಿಡದ ಬುಡಕ್ಕೆ ಹಾಕಿದರು. ನಾನೂ ಇನ್ನೊಂದು ಬದಿಯಿಂದ ಕೈ ಹಾಕಿದೆ. ಬೇರಿನ ಒಂದು ಎಳೆ ಸಿಕ್ಕಿಕೊಂಡಿತ್ತು, ಎಳೆದೆ. ನೀರು ಒಮ್ಮೆ ಸುಳಿ ತಿರುಗಿ, ಗುಳುಗುಳು ಸದ್ದು ಮಾಡಿ, ಕಲ್ಲಿನೊಳಗೆ ಇಳಿದು ಹೋಯಿತು. ಅವರು ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ಮುಂದಿನ ಕಟ್ಟೆಯ ಕಾಲುವೆ ನೋಡಲು ಹೊರಟರು. ನಾನು ಅವರ ಹಿಂದೆ ನಡೆದೆ.