ತಾಳ ತಪ್ಪಿದ 4ಕೆ

ಮನೆಯ ದೊಡ್ಡ ಟಿವಿಯಲ್ಲಿ 4ಕೆ ಸಿನಿಮಾ ಮುಗ್ಗರಿಸತೊಡಗಿದರೆ ಮೊದಲ ಬೈಗುಳ ಬೀಳುವುದು ಇಂಟರ್ನೆಟ್ಟಿಗೆ. ವಾರದೊಳಗೆ 100 ಎಂಬಿಪಿಎಸ್ ಪ್ಲ್ಯಾನು 300ಕ್ಕೆ ಏರುತ್ತದೆ, ಎರಡು ಆಂಟೆನಾದ ರೂಟರ್ ಜಾಗಕ್ಕೆ ಆರು ಆಂಟೆನಾದ್ದು ಬಂದು ಕೂರುತ್ತದೆ. ಸಿನಿಮಾ ಮಾತ್ರ ಎಲ್ಲಿ ತಡವರಿಸುತ್ತಿತ್ತೋ ಅಲ್ಲೇ ತಡವರಿಸುತ್ತದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುವುದು ಇದಕ್ಕೇ. ಫೈಲು ಇರುವುದು ಅದೇ ಮನೆಯ ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ; ಅದನ್ನು ಟಿವಿಗೆ ಬಡಿಸುವುದು ಜೆಲ್ಲಿಫಿನ್, ಪ್ಲೆಕ್ಸ್‌ನಂಥ ಮನೆಯೊಳಗಿನ ಸರ್ವರ್. ಬೀದಿ ಕಂಬದಿಂದ ಇಳಿದುಬಂದ ಕೇಬಲ್ಲನ್ನು ಆ ಫೈಲು ಮುಟ್ಟುವುದೇ ಇಲ್ಲ. ನನ್ನ ವಾದ ಇಷ್ಟು: ಚಲನಚಿತ್ರಕ್ಕೆ ಬೇಕಾದದ್ದು ವೇಗಕ್ಕಿಂತ ಹೆಚ್ಚಾಗಿ ಸಮಯಪಾಲನೆ. ಒಂದೊಂದು ಫ್ರೇಮೂ ಸುಮಾರು 41.7 ಮಿಲಿಸೆಕೆಂಡಿಗೊಮ್ಮೆ ಪರದೆಗೆ ಹಾಜರಾಗಬೇಕು, ಮುಂಚೆಯೂ ಆಗಬಾರದು, ತಡವಾಗಿಯೂ ಆಗಬಾರದು. ಹಾಡುವವರಿಗೆ ತಾಳ ಎಲ್ಲಿ ತಪ್ಪಿತೆಂದು ಕೇಳಿದೊಡನೆ ತಿಳಿಯುವಂತೆ, ಮುಗ್ಗರಿಸುವುದರ ಲಯವನ್ನು ಗಮನಿಸಿದರೆ ಕಾಯಿಲೆ ಎಲ್ಲಿದೆಯೆಂದು ಮುಕ್ಕಾಲು ಪಾಲು ಗೊತ್ತಾಗುತ್ತದೆ. ದುಡ್ಡು ಬಿಚ್ಚುವ ಮಾತು ಆಮೇಲಿನದು.

ಸೆಕೆಂಡಿಗೆ 24 ಫ್ರೇಮು ಎಂಬ ಈ ಲೆಕ್ಕ ಹುಟ್ಟಿದ್ದು ಕಣ್ಣಿಗಾಗಿ ಅಲ್ಲ, ಕಿವಿಗಾಗಿ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾದ ಹಿಡಿಕೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮೋ 20 ಫ್ರೇಮೋ, ತಿರುಗಿಸುವವನ ರಟ್ಟೆಗೆ ಬಿಟ್ಟದ್ದು. ಓಟ ಕೊಂಚ ಹೆಚ್ಚುಕಡಿಮೆಯಾದರೆ ಕಣ್ಣು ಹೊಂದಿಕೊಳ್ಳುತ್ತದೆ. ಸ್ವರ ಹಾಗೆ ಏರಿಳಿದರೆ ಕಿವಿ ಸುಮ್ಮನಿರುವುದಿಲ್ಲ. 1920ರ ದಶಕದ ಕೊನೆಗೆ ಮಾತು ಬಂದಾಗ ಓಟವನ್ನು 24ಕ್ಕೆ ಕಟ್ಟಿಹಾಕಲೇಬೇಕಾಯಿತು. 1934ರಲ್ಲಿ ಕನ್ನಡದ ‘ಸತಿ ಸುಲೋಚನ’ ತೆರೆಗೆ ಬರುವ ಹೊತ್ತಿಗೆ ಅದು ಲೋಕರೂಢಿ. ಆಮೇಲೆ ಟಿವಿ ಬಂತು. ಟಿವಿ ನೆಚ್ಚಿಕೊಂಡದ್ದು ಆಯಾ ದೇಶದ ಕರೆಂಟಿನ ಲಯವನ್ನು. 50 ಹರ್ಟ್ಸ್‌ನ ನಾಡುಗಳಲ್ಲಿ, ಎಂದರೆ ನಮ್ಮಲ್ಲೂ, ಸೆಕೆಂಡಿಗೆ 25 ಫ್ರೇಮು. ಈ ನಾಡುಗಳ ಟಿವಿಗಾಗಿ ಸಿನಿಮಾವನ್ನು ಸಾಮಾನ್ಯವಾಗಿ ತುಸು ಜೋರಾಗಿಯೇ ಓಡಿಸುತ್ತಿದ್ದರು. ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮೊದಲೇ ಮುಗಿಯುತ್ತಿತ್ತು, ಯಾರೂ ದೂರಲಿಲ್ಲ. ಅಮೆರಿಕದಲ್ಲಿ 60 ಹರ್ಟ್ಸ್. 1953ರಲ್ಲಿ ಅಲ್ಲಿ ಬಣ್ಣದ ಟಿವಿಯ ಮಾನಕ ಒಪ್ಪಿಗೆಯಾದಾಗ, ಬಣ್ಣದ ಸಂಕೇತ ಧ್ವನಿಯ ಸಂಕೇತಕ್ಕೆ ಅಡ್ಡಬರದಿರಲೆಂದು ಓಟವನ್ನು ಸುಮಾರು ಸಾವಿರದಲ್ಲೊಂದು ಪಾಲು ತಗ್ಗಿಸಿದರು. 60 ಹೋಗಿ 59.94 ಆಯಿತು. ಅದರ ಜೊತೆ ಹೊಂದಲು ಸಿನಿಮಾದ 24 ಕೂಡ 23.976ಕ್ಕೆ ಇಳಿಯಿತು. ಆ ಟಿವಿ ಸೆಟ್ಟುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾದರೂ ಇಂದಿನ 4ಕೆ ಫೈಲಿನ ಮಾಹಿತಿ ತೆರೆದು ನೋಡಿದರೆ ಅದೇ 23.976 ಕಾಣುತ್ತದೆ.

ಇಲ್ಲಿಂದ ಮೊದಲ ಲಕ್ಷಣ. ಕ್ಯಾಮೆರಾ ನಿಂತಲ್ಲೇ ನಿಂತಿದ್ದಾಗ ಚಿತ್ರ ಸರಿಯಾಗಿದೆ. ಅದು ಬೆಟ್ಟದ ಸಾಲಿನ ಮೇಲೆ ನಿಧಾನಕ್ಕೆ ಹೊರಳಿದಾಗ, ಅಥವಾ ಕೊನೆಯಲ್ಲಿ ಹೆಸರುಗಳ ಪಟ್ಟಿ ಮೇಲೇರುವಾಗ, ಎಳೆದೆಳೆದು ಬಿಟ್ಟಂತೆ ಕಾಣುತ್ತದೆ. ಸುತ್ತುವ ಚಕ್ರ ಬರುವುದಿಲ್ಲ, ಧ್ವನಿ ಕಡಿಯುವುದಿಲ್ಲ. ಇದು ಲೆಕ್ಕ ಕೂಡದ ಕಾಯಿಲೆ. ಟಿವಿಗೆ ಜೋಡಿಸಿದ ಸ್ಟ್ರೀಮಿಂಗ್ ಪೆಟ್ಟಿಗೆಯು ಅದಕ್ಕೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸುತ್ತಿದೆ, ಸಿನಿಮಾದಲ್ಲಿರುವುದು 24. ಅರುವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ; ಅರ್ಧ ಸಲ ತೋರಿಸಲಾಗದು. ಆದ್ದರಿಂದ ಒಂದು ಫ್ರೇಮು ಮೂರು ಸಲ, ಮುಂದಿನದು ಎರಡು ಸಲ. ಒಂದಕ್ಕೆ 50 ಮಿಲಿಸೆಕೆಂಡ್, ಇನ್ನೊಂದಕ್ಕೆ 33. ಕುಂಟುವುದು ಅಲ್ಲಿ. ಇನ್ನೂ ನವಿರಾದದ್ದೊಂದಿದೆ. ಪೆಟ್ಟಿಗೆಯನ್ನು 24ಕ್ಕೆ ಹೊಂದಿಸಿದ ಮೇಲೂ ಸುಮಾರು 42 ಸೆಕೆಂಡಿಗೊಮ್ಮೆ ಒಂದೇ ಒಂದು ಸಣ್ಣ ಎಡವು. 24ಕ್ಕೂ 23.976ಕ್ಕೂ ಇರುವ ವ್ಯತ್ಯಾಸ ಕೂಡುತ್ತ ಬಂದು ಒಂದು ಪೂರ್ತಿ ಫ್ರೇಮಿನಷ್ಟಾಗಲು ಬೇಕಾಗುವ ಹೊತ್ತು ಅಷ್ಟೇ. 1953ರ ಆ ಸಾವಿರದಲ್ಲೊಂದು ಪಾಲಿಗೆ ಬಡ್ಡಿ ಕಟ್ಟುತ್ತಿರುವವರು ನಾವು. ಇವೆರಡಕ್ಕೂ ಹೊಸ ರೂಟರಿನಿಂದ ಕೂದಲೆಳೆಯಷ್ಟೂ ಪ್ರಯೋಜನವಿಲ್ಲ.

‘ನೆಟ್‌ಫ್ಲಿಕ್ಸ್ ಅದೇ ಟಿವಿಯಲ್ಲಿ ನೀರು ಕುಡಿದಂತೆ ಓಡುತ್ತದಲ್ಲ, ನನ್ನ ಫೈಲಿಗೆ ಮಾತ್ರ ಏನು ಬಂತು?’ ಎಂಬ ಆಕ್ಷೇಪ ನ್ಯಾಯವಾದದ್ದು, ಉತ್ತರವೂ ಅದರಲ್ಲೇ ಇದೆ. ಒಟಿಟಿ ಸೇವೆಗಳು ಒಂದೇ ಸಿನಿಮಾವನ್ನು ಹಲವು ಗಾತ್ರಗಳಲ್ಲಿ ಸಿದ್ಧಮಾಡಿಟ್ಟುಕೊಂಡಿರುತ್ತವೆ. ದಾರಿ ಕಿರಿದಾದರೆ ಸದ್ದಿಲ್ಲದೆ ಸಣ್ಣದಕ್ಕೆ ಜಾರುತ್ತವೆ. ಚಿತ್ರ ಒಂದಿಷ್ಟು ಮಂಕಾಗುತ್ತದೆ, ನಿಲ್ಲುವುದಿಲ್ಲ. 4ಕೆಗೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್ ಸಂಪರ್ಕ. ಬ್ಲೂ-ರೇ ಡಿಸ್ಕಿನಿಂದ ಇಳಿಸಿಟ್ಟುಕೊಂಡ ಎರಡು ಗಂಟೆಯ ಸಿನಿಮಾ 60 ಜಿಬಿ ಇದ್ದರೆ ಸರಾಸರಿಯೇ ಸುಮಾರು 67 ಎಂಬಿಪಿಎಸ್. ಕಷ್ಟದ ದೃಶ್ಯಗಳಲ್ಲಿ 100ನ್ನೂ ಮೀರುತ್ತದೆ. ಇನ್ನು ಟಿವಿಯ ಬೆನ್ನು ನೋಡಿ. ದುಬಾರಿ ಟಿವಿಗಳಲ್ಲೂ ಎಷ್ಟೋ ಸಲ ಈಥರ್ನೆಟ್ ಕಿಂಡಿ 100 ಎಂಬಿಪಿಎಸ್‌ನದೇ, ಕೈಗೆ ಸಿಗುವುದು 94ರ ಆಸುಪಾಸು. ರೂಟರು ಗಿಗಾಬಿಟ್ ಇದ್ದರೂ, ಕೇಬಲ್ಲು ಹೊಚ್ಚಹೊಸದಿದ್ದರೂ, ಕತ್ತು ಹಿಸುಕುವುದು ಅಲ್ಲಿ. ತಂತಿಯೇ ವೈಫೈಗಿಂತ ಮೇಲೆಂದು ನಂಬಿದವರಿಗೆ ಹಿಡಿಸದ ಮಾತೊಂದುಂಟು: ರೂಟರ್ ಹತ್ತಿರವಿದ್ದರೆ, ತಂತಿ ಕಿತ್ತು 5 ಗಿಗಾಹರ್ಟ್ಸ್ ವೈಫೈಗೆ ಹಾಕಿದಾಗ ಇಂಥ ಟಿವಿಯಲ್ಲಿ ಸಿನಿಮಾ ಸರಾಗವಾಗುವುದುಂಟು. ಇನ್ನು ಬಫರ್. ಕೋಡಿ ಪ್ಲೇಯರ್ ಬಹಳ ವರ್ಷ ತಾನಾಗಿ ಇಟ್ಟುಕೊಳ್ಳುತ್ತಿದ್ದ ಮುಂಗಡ 20 ಎಂಬಿ. 67 ಎಂಬಿಪಿಎಸ್ ಓಟಕ್ಕೆ ಅದು ಎರಡೂವರೆ ಸೆಕೆಂಡೂ ಬಾರದು. ಈ ಜಾತಿಯ ತೊಂದರೆಗೆ ಗೊತ್ತಾದ ಲಯವಿಲ್ಲ, ಆದರೆ ಗೊತ್ತಾದ ಜಾಗಗಳಿವೆ. ಮಳೆ, ಹೊಗೆ, ಬಣ್ಣದ ಪುಡಿ ಹಾರುವ ಜಾತ್ರೆ ಬಂದಾಗ ನಿಂತು, ಚಕ್ರ ತೋರಿಸಿ, ಮತ್ತೆ ಹೊರಡುತ್ತದೆ.

ಮಳೆಯಲ್ಲೇ ಏಕೆ ಎಂಬುದಕ್ಕೆ ಬೆಂಗಳೂರಿನಲ್ಲಿ ಹುಟ್ಟಿದವರೊಬ್ಬರ ಲೆಕ್ಕವನ್ನು ಸ್ಮರಿಸಬೇಕು. 4ಕೆ ಚೌಕಟ್ಟಿನಲ್ಲಿ ಸುಮಾರು 83 ಲಕ್ಷ ಚುಕ್ಕಿಗಳು. ಹಿಂಡದೆ ಹಾಗೇ ಕಳಿಸಿದರೆ, 10 ಬಿಟ್ ಬಣ್ಣದಲ್ಲಿ, ಸೆಕೆಂಡಿಗೆ 3 ಗಿಗಾಬಿಟ್ ಬೇಕು. ಹಿಂಡುವ ಕೆಲಸದ ತಿರುಳು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದ ನಸೀರ್ ಅಹ್ಮದ್, ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ ಇದರ ಅಧ್ಯಯನಕ್ಕೆ ಹಣ ಕೇಳಿದರು. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ ಕೊಡಲಿಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಬರೆದ ಪ್ರಬಂಧ 1974ರಲ್ಲಿ ಅಚ್ಚಾಯಿತು. ಜೆಪೆಗ್ ಫೋಟೊದಿಂದ ಹಿಡಿದು 2013ರ ವಿಡಿಯೊ ಮಾನಕ ಎಚ್‌ಇವಿಸಿವರೆಗೆ ಅದೇ ಮೂಲದ ಗಣಿತ. ಅಕ್ಕಪಕ್ಕದ ಚುಕ್ಕಿಗಳು ಬಹುಮಟ್ಟಿಗೆ ಒಂದೇ ಬಗೆಯವೆಂಬುದರ ಮೇಲೆ ಅದು ನಿಂತಿದೆ. ಬಿಳಿ ಗೋಡೆ ಹಿಡಿಯಷ್ಟಾಗುತ್ತದೆ. ಮಳೆಯಲ್ಲಿ ಪ್ರತಿ ಹನಿಯೂ ಬೇರೆ, ಮರು ಫ್ರೇಮಿನಲ್ಲಿ ಅದು ಅಲ್ಲಿರುವುದೂ ಇಲ್ಲ, ಹಿಂಡಲು ಒಗ್ಗುವುದಿಲ್ಲ.

ಹಿಂಡಿದ್ದನ್ನು ಮತ್ತೆ ಬಿಡಿಸಬೇಕು, ಅದಕ್ಕೆ ಚಿಪ್ಪಿನಲ್ಲೇ ಬೇರೆ ಏರ್ಪಾಡು ಬೇಕು. 10 ಬಿಟ್ ಎಚ್‌ಇವಿಸಿ ಅರಿಯದ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿಪಿಯು ಏಕಾಂಗಿಯಾಗಿ ಮಾಡಹೊರಟರೆ, ಫ್ಯಾನು ಭೋರೆನ್ನುತ್ತದೆ, ಮಾತು ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಇದು ಎಡೆಬಿಡದ ತೊದಲು. ಸರ್ವರ್ ಕಡೆಯೂ ಇದೇ ಆಗುವುದುಂಟು. ಕಾರಣ ಎಷ್ಟೋ ಸಲ ಸಬ್‌ಟೈಟಲ್. ಬ್ಲೂ-ರೇ ಡಿಸ್ಕಿನ ಸಬ್‌ಟೈಟಲ್ ಅಕ್ಷರಗಳಲ್ಲ, ಅಕ್ಷರಗಳ ಚಿತ್ರ. ಟಿವಿಯ ಆ್ಯಪ್‌ಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ಪ್ರತಿ ಫ್ರೇಮನ್ನೂ ಬಿಡಿಸಿ, ಮೇಲೆ ಸಾಲು ಅಂಟಿಸಿ, ಮತ್ತೆ ಹಿಂಡಿ ಕಳಿಸಬೇಕು. ಎರಡು ಸಾಲು ಇಂಗ್ಲಿಷ್ ಓದಲು 83 ಲಕ್ಷ ಚುಕ್ಕಿಗಳ ಮರುಬರಹ! ಸಬ್‌ಟೈಟಲ್ ಆಫ್ ಮಾಡಿ ನೋಡಿ. ಸಿನಿಮಾ ತಟ್ಟನೆ ಸರಾಗವಾದರೆ ಕಳ್ಳ ಸಿಕ್ಕಿದ. ಅದೇ ಸಾಲುಗಳನ್ನು ಎಸ್‌ಆರ್‌ಟಿ ಎಂಬ ಬರೀ ಪಠ್ಯದ ಫೈಲಿನಲ್ಲಿ ಕೊಟ್ಟರೆ ಸಾಮಾನ್ಯವಾಗಿ ಸಾಕು.

ಇನ್ನೊಂದು ಆಕ್ಷೇಪ ಕೊಂಚ ತಾತ್ವಿಕದ್ದು: ‘ದೋಷ 24ರಲ್ಲೇ ಇದೆ, ಟಿವಿಯ ಮೋಷನ್ ಸ್ಮೂದಿಂಗ್ ಹಾಕಿಬಿಡಿ, ಇಲ್ಲದ ಫ್ರೇಮುಗಳನ್ನು ಅದೇ ಹುಟ್ಟಿಸಿಕೊಳ್ಳುತ್ತದೆ.’ ಇದರಲ್ಲಿ ನಿಜವಿಲ್ಲದಿಲ್ಲ. ಒಎಲ್‌ಇಡಿ ಪರದೆಯ ಚುಕ್ಕಿಗಳು ಕ್ಷಣಾರ್ಧದಲ್ಲಿ ಬದಲಾಗುವುದರಿಂದ, ಹಳೆಯ ಎಲ್‌ಸಿಡಿಯ ನಿಧಾನ ಮರೆಮಾಚುತ್ತಿದ್ದ 24ರ ಜಿಗಿತ ಅಲ್ಲಿ ಬಯಲಾಗುತ್ತದೆ. ಎಲ್ಲ ಲೆಕ್ಕ ಕೂಡಿದರೂ ಕೊಂಚ ಎಡವು ಉಳಿಯುತ್ತದೆ. ಆದರೂ ಸ್ಮೂದಿಂಗ್ ಹಾಕಿದರೆ ಕೋಟಿಗಟ್ಟಲೆ ಖರ್ಚಿನ ಚಿತ್ರ ಸಂಜೆಯ ಧಾರಾವಾಹಿಯಾಗುತ್ತದೆ. ಓಡುವ ಕಾಲಿನ ಸುತ್ತ ಗಾಳಿಯೇ ಕರಗಿದಂಥ ಕಲೆಗಳೂ ಮೂಡುತ್ತವೆ, ಯಂತ್ರ ಊಹಿಸಿದ ಫ್ರೇಮು ತಪ್ಪಿದ್ದರ ಗುರುತು. 2012ರಲ್ಲಿ ‘ದಿ ಹಾಬಿಟ್’ ಚಿತ್ರವನ್ನು ನಿಜವಾಗಿ 48 ಫ್ರೇಮಿನಲ್ಲೇ ತೆಗೆದು ತೋರಿಸಿದಾಗಲೂ ಅದು ಅತಿ ನೈಜವಾಗಿ ಸೆಟ್ಟಿನಂತೆ ಕಾಣುತ್ತದೆಂದು ಗೊಣಗಿದವರು ಬಹಳ. ಕ್ರಿಕೆಟ್ಟಿಗೆ ಸ್ಮೂದಿಂಗ್ ಇರಲಿ. ಸಿನಿಮಾಕ್ಕೆ ಬೇಡವೆಂಬುದು ನನ್ನ ರುಚಿ. ಬೇರೆಯವರ ರಿಮೋಟ್ ಕಸಿಯುವಷ್ಟು ಹಟ ಇಲ್ಲ.

ಇಷ್ಟನ್ನೆಲ್ಲ ಸಿನಿಮಾ ನೋಡುವವರು ಕಲಿಯಬೇಕೇ ಎಂದರೆ, ಕಲಿಯಬೇಕಾಗಿರಲಿಲ್ಲ. ಫೈಲಿನ ಓಟಕ್ಕೆ ಪರದೆಯ ಓಟವನ್ನು ತಾನಾಗಿ ಹೊಂದಿಸುವ ಸೌಲಭ್ಯ ಎಷ್ಟೋ ಪೆಟ್ಟಿಗೆಗಳಲ್ಲಿ ಇದ್ದೂ ಕಾರ್ಖಾನೆಯಿಂದ ಆಫ್ ಆಗಿಯೇ ಬರುತ್ತದೆ. ತಯಾರಕರ ಅಂಜಿಕೆಗೆ ಕಾರಣವಿದೆ: ಓಟ ಬದಲಾಗುವಾಗ ಎಚ್‌ಡಿಎಂಐಯ ಎರಡು ತುದಿಗಳು ಹೊಸದಾಗಿ ಮಾತುಕತೆ ನಡೆಸಬೇಕು, ಆ ಒಂದೆರಡು ಸೆಕೆಂಡು ಪರದೆ ಕಪ್ಪಾಗುತ್ತದೆ, ಕೊಂಡವರು ಟಿವಿ ಕೆಟ್ಟಿತೆಂದು ಫೋನ್ ಮಾಡುತ್ತಾರೆ. ಎರಡು ಸೆಕೆಂಡಿನ ಕತ್ತಲನ್ನು ತಪ್ಪಿಸಲು ಎರಡು ಗಂಟೆಯ ಕುಂಟನ್ನು ತಲೆಗೆ ಕಟ್ಟುವುದು ಯಾವ ಜಾಣತನವೋ ನನಗೆ ಹೊಳೆಯದು. ಎಚ್‌ಡಿಎಂಐ 2.1ರ ಕ್ವಿಕ್ ಮೀಡಿಯಾ ಸ್ವಿಚಿಂಗ್ ಈ ಕತ್ತಲನ್ನು ನೀಗಿಸುತ್ತದೆ, ಆದರೆ ಪೆಟ್ಟಿಗೆ, ಟಿವಿ ಎರಡಕ್ಕೂ ಅದು ಬರಬೇಕು. ಅದಿಲ್ಲದವರು ಕೋಡಿಯಲ್ಲಿ ಪ್ಲೇಯರ್ ಸೆಟ್ಟಿಂಗ್ಸಿನ ವಿಡಿಯೊ ಭಾಗಕ್ಕೆ ಹೋಗಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅನ್ನು ‘ಆನ್ ಸ್ಟಾರ್ಟ್/ಸ್ಟಾಪ್’ಗೆ ಇಡಬಹುದು, ಆಪಲ್ ಟಿವಿಯಲ್ಲಿ ‘ಮ್ಯಾಚ್ ಫ್ರೇಮ್ ರೇಟ್’ ಎಂಬುದು 2017ರ ಕೊನೆಯಿಂದ ಇದೆ. ಪರದೆ ಕಪ್ಪಾದಾಗ ರಿಮೋಟ್ ಒತ್ತಬೇಡಿ, ಸಿನಿಮಾ ತಾನಾಗಿ ಶುರುವಾಗುತ್ತದೆ.