ಬೆಕ್ಕಿನ ಹುಳುಕಡ್ಡಿ

ಮಲೆನಾಡಿನ ಮನೆಯಲ್ಲಿ ಬೆಕ್ಕು ಕಣಜದ ಕಾವಲುಗಾರನು. ಸಕಲೇಶಪುರ, ಆಲೂರುಗಳ ನಮ್ಮ ಗುಡ್ಡಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಅದು ಮಕ್ಕಳೊಡನೆ ಒಂದೇ ಕಂಬಳಿಯಲ್ಲಿ ಮಲಗುವುದು. ಆದುದರಿಂದ ಅದರ ಚರ್ಮವ್ಯಾಧಿಯು ಮನೆಮಂದಿಯೆಲ್ಲರ ಚಿಂತೆಯಾಗತಕ್ಕದ್ದೇ ಸರಿ.

ಕಿವಿಯಂಚು, ಮುಖ, ಮುಂಗಾಲುಗಳಲ್ಲಿ ದುಂಡಗೆ ಕೂದಲುದುರಿ, ಬೂದಿ ಎರಚಿದಂತೆ ಹೊಟ್ಟು ಕಂಡರೆ ಹುಳುಕಡ್ಡಿಯೆಂದು ಶಂಕಿಸಬೇಕು. ಮನುಷ್ಯರಿಗೆ ಬರುವ ಇಂಥ ವ್ಯಾಧಿಯನ್ನು ಸಂಸ್ಕೃತ ವೈದ್ಯಗ್ರಂಥಗಳು ದದ್ರುವೆಂದು ಕರೆದು ಕುಷ್ಠವರ್ಗದಲ್ಲಿ ಸೇರಿಸಿವೆ. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ; ಇದು ಬೂಷ್ಟಿನ ಕುಲಕ್ಕೆ ಸೇರಿದ ಶಿಲೀಂಧ್ರ. ಬೆಕ್ಕಿಗೆ ಹೆಚ್ಚಾಗಿ ಅಂಟುವುದು ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬುದು.

ಶಿಲೀಂಧ್ರವು ನಮ್ಮವರಿಗೆ ಹೊಸತಲ್ಲ. ಕಾಫಿಯ ಕೊಳೆರೋಗವೂ ಅದರ ಕೃತ್ಯವೇ. 1876ರಲ್ಲಿ ಕುಕ್ ಎಂಬ ಆಂಗ್ಲ ವಿದ್ವಾಂಸರು ಅದಕ್ಕೆ ಶಾಸ್ತ್ರೀಯ ನಾಮವನ್ನಿಡುವಾಗ ‘ಕೊಳೆರೋಗ’ವೆಂಬ ನಮ್ಮ ಶಬ್ದವನ್ನೇ ಬಳಸಿದರು. ತೋಟಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಬಲ್ಲವರಿಗೆ ಬೆಕ್ಕಿಗೂ ಅದನ್ನೇ ಸವರೋಣವೆನಿಸುವುದು ಸಹಜ. ಕಳೆದ ಮಳೆಗಾಲದಲ್ಲಿ ನೆರೆಮನೆಯ ಯಜಮಾನರು ಮೈಲುತುತ್ತವನ್ನು ಕದಡಿ ಸಿದ್ಧರಾಗಿದ್ದರು. ಅವರ ಮೊಮ್ಮಗಳ ತೋಳಿನಲ್ಲಿಯೂ ಕೆಂಪು ಉಂಗುರವೆದ್ದಿತ್ತು. “ಗೌಡರೇ, ಗಿಡ ತನ್ನ ಎಲೆಯನ್ನು ನೆಕ್ಕುವುದಿಲ್ಲ, ಬೆಕ್ಕು ಮೈಯನ್ನೆಲ್ಲ ನೆಕ್ಕುತ್ತದೆ” ಎಂದೆನು. ಅವರು ಪಾತ್ರೆಯನ್ನು ಕೆಳಗಿಟ್ಟರು.

ಮೈಗೆ ಸವರಿದುದು ಬೆಕ್ಕಿನ ಹೊಟ್ಟೆಗೆ ಸೇರುವುದು. ಮೈಲುತುತ್ತ, ಸೀಮೆಎಣ್ಣೆ, ಫಿನೈಲುಗಳು ಅದಕ್ಕೆ ವಿಷ. ಪಶುವೈದ್ಯರು ನೇರಳಾತೀತ ಕಿರಣದ ದೀಪದಡಿಯಲ್ಲಿ ಕೂದಲನ್ನು ನೋಡುವರು. ಹಸುರಾಗಿ ಹೊಳೆದರೆ ಸಂಶಯವು ಬಲವಾಗುವುದು. ಹೊಳೆಯದಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಕೂದಲಿನ ಶಿಲೀಂಧ್ರವನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸಿ ನೋಡಲು 2–3 ವಾರ ಬೇಕು. ಜಿಲ್ಲಾಸ್ಥಳವಾದ ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಉಂಟು. ಹೊಟ್ಟೆಗೆ ಇಟ್ರಾಕೊನಜೋಲ್, ಮೈಗೆ ವೈದ್ಯರೇ ಅಳೆದು ಕೊಟ್ಟ ಸುಣ್ಣ-ಗಂಧಕದ ದ್ರಾವಣ ವಾರಕ್ಕೆ 2 ಸಲ, ಇದು ರೂಢಿಯ ಚಿಕಿತ್ಸೆ. ಕೂದಲು ಮರಳಿ ಬಂದಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು. ಮಗುವನ್ನು ಬೇರೆ ವೈದ್ಯರಿಗೆ ತೋರಿಸಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸಿ ರೋಗವನ್ನು ಹರಡುವುದು.

ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಹೇಮಾವತಿಯಾಚೆ ಬಿಟ್ಟು ಬರುವವರಿದ್ದಾರೆ. ಬೆಕ್ಕು ಹೋದರೂ ಅದರ ಕೂದಲು ಮನೆಯಲ್ಲಿಯೇ ಉಳಿಯುವುದು. ಅದಕ್ಕಂಟಿದ ಬೀಜಕಣಗಳು ವರ್ಷಕ್ಕೂ ಮೀರಿ ಬದುಕಬಲ್ಲವು. ಮೂಕಪ್ರಾಣಿಯನ್ನು ಹೊರದೂಡಿದ ಪಾಪವೂ ಬಂತು, ರೋಗವೂ ಉಳಿಯಿತು. ಗುಣವಾಗುವತನಕ ಅದನ್ನು ಒಂದು ಕೋಣೆಯಲ್ಲಿರಿಸಿ, ಉದುರಿದ ಕೂದಲನ್ನು ದಿನವೂ ಗುಡಿಸಿ, ಕಂಬಳಿಗಳನ್ನು ಚೆನ್ನಾಗಿ ಒಗೆದು ಒಣಗಿಸಿದರೆ ಮಗುವೂ ಉಳಿಯಿತು, ಬೆಕ್ಕೂ ಉಳಿಯಿತು.